ಅಮೀರ್‌ಬಾಯಿಗಾಗಿ ಮರುಗುವುದನ್ನು ನಿಲ್ಲಿಸೋಣ

ಪ್ರತಿವರ್ಷ ಮಾರ್ಚ್ 3ರಂದು ನನ್ನ ಫೋನಿಗೆ ಎರಡು ಬಗೆಯ ಸಂದೇಶಗಳು ಬರುತ್ತವೆ. ಒಂದು ಸಂಭ್ರಮದ್ದು: 1934ರ ಅದೇ ದಿನ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಗೆ ಬಂತು, ಆದ್ದರಿಂದ ಕನ್ನಡ ಸಿನಿಮಾದ ಹುಟ್ಟುಹಬ್ಬ. ಇನ್ನೊಂದು ಸಂತಾಪದ್ದು: 1965ರ ಅದೇ ದಿನ ಅಮೀರ್‌ಬಾಯಿ ಕರ್ನಾಟಕಿ ತೀರಿಕೊಂಡರು, ಆದ್ದರಿಂದ ‘ಮರೆತುಹೋದ ಕೋಗಿಲೆ’ಗೆ ಎರಡು ಹನಿ ಕಣ್ಣೀರು. ಎರಡನ್ನೂ ಒಬ್ಬರೇ ಕಳಿಸಿದ್ದುಂಟು. ಬೆಳಿಗ್ಗೆ ಸಂಭ್ರಮ, ಸಂಜೆ ಸಂತಾಪ. ಎರಡಕ್ಕೂ ಏನಾದರೂ ಸಂಬಂಧವಿದ್ದೀತು ಎಂದು ಕಳಿಸಿದವರಿಗೆ ಅನ್ನಿಸಿದಂತಿಲ್ಲ.

ಸಂಬಂಧವಿದೆ. ‘ಸತಿ ಸುಲೋಚನ’ ಬಂದ ಅದೇ 1934ರಲ್ಲಿ ಬೀಳಗಿಯ ಈ ಹೆಣ್ಣುಮಗಳು ಮುಂಬಯಿಯಲ್ಲಿ ‘ವಿಷ್ಣು ಭಕ್ತಿ’ ಎಂಬ ಚಿತ್ರದಲ್ಲಿ ಪಾತ್ರ ಮಾಡಿದಳು. ಕನ್ನಡ ಸಿನಿಮಾಕ್ಕೆ ಬಾಯಿ ಬಂದ ವರ್ಷವೇ ಕನ್ನಡದ ಒಂದು ಗಂಟಲು ಹಿಂದಿ ಸಿನಿಮಾಕ್ಕೆ ಹೋಯಿತು. ಮೊದಲನೆಯದು ನಮ್ಮ ಚರಿತ್ರೆಯಾಯಿತು, ಎರಡನೆಯದು ನಮ್ಮ ಕನಿಕರವಾಯಿತು. ಹೊರಗೆ ಹೋದವಳು ಎಂಬ ನೆಪವೂ ಇಲ್ಲಿ ನಿಲ್ಲುವುದಿಲ್ಲ. ಏಕೆಂದರೆ ‘ಸತಿ ಸುಲೋಚನ’ವನ್ನೂ ಚಿತ್ರಿಸಿದ್ದು ಕೊಲ್ಹಾಪುರದ ಸ್ಟುಡಿಯೋದಲ್ಲಿ.

ನಾನು ಇಟಗಿಯವಳು. ಕೊಪ್ಪಳ, ಗದಗ, ಬಾಗಲಕೋಟೆ ಸೀಮೆಯ ಕಂಪನಿ ನಾಟಕಗಳಲ್ಲಿ ಹಾಡಿದ ಹೆಣ್ಣುಮಕ್ಕಳ ಬಗ್ಗೆ ಪಿಎಚ್‌.ಡಿ. ಮಾಡುತ್ತಿದ್ದೇನೆ. ಹಾಗಾಗಿ ‘ಇದು ನಿಮ್ಮ ವಿಷಯ ಅಲ್ವಾ ಮೇಡಂ’ ಎಂಬ ಒಕ್ಕಣೆಯ ಜೊತೆ ಈ ಸಂತಾಪಗಳೆಲ್ಲ ನನ್ನ ಹತ್ತಿರ ಬಂದು ಬೀಳುತ್ತವೆ. ಐದು ವರ್ಷ ಸುಮ್ಮನೆ ಓದಿದೆ. ಈ ಸಲ ಸುಮ್ಮನಿರಲು ಆಗುತ್ತಿಲ್ಲ. ಈ ಮರುಕದಿಂದ ಅಮೀರ್‌ಬಾಯಿಗೆ ಏನೂ ಸಿಕ್ಕಿಲ್ಲ, ನಮಗೆ ಮಾತ್ರ ಬಹಳ ಲಾಭವಾಗಿದೆ ಎಂದು ನನಗೆ ಖಾತ್ರಿಯಾಗಿದೆ. ಮರುಗಿದ ಮೇಲೆ ಕೇಳುವ ಕೆಲಸ ಉಳಿಯುವುದಿಲ್ಲ, ಹುಡುಕುವ ಕೆಲಸ ಉಳಿಯುವುದಿಲ್ಲ, ಲೆಕ್ಕ ಇಡುವ ಕೆಲಸವಂತೂ ಉಳಿಯುವುದೇ ಇಲ್ಲ.

ಈ ಬರಹಗಳನ್ನು ಒಮ್ಮೆ ವ್ಯಾಕರಣದ ಕಣ್ಣಿನಿಂದ ನೋಡಿ. ಗಾಂಧೀಜಿ ಅವರ ಭಜನೆಯನ್ನು ಮೆಚ್ಚಿದ್ದರು. ಅನಿಲ್ ಬಿಸ್ವಾಸ್ ಅವರಿಗೆ ಅವಕಾಶ ಕೊಟ್ಟರು. ಗಂಡ ಹಿಮಾಲಯವಾಲಾ ಅವರನ್ನು ಹಿಂಸಿಸಿದ. ಲತಾ ಮಂಗೇಶ್ಕರ್ ಬಂದು ಅವರನ್ನು ಹಿಂದಕ್ಕೆ ತಳ್ಳಿದರು. ಕನ್ನಡಿಗರು ಅವರನ್ನು ಮರೆತರು. ಐದು ವಾಕ್ಯ, ಐದು ಕರ್ತೃ. ಐದರಲ್ಲೂ ಅಮೀರ್‌ಬಾಯಿ ಕರ್ತೃವಲ್ಲ. ಯಾರೋ ಮೆಚ್ಚುತ್ತಾರೆ, ಯಾರೋ ಹೊಡೆಯುತ್ತಾರೆ, ಯಾರೋ ಮರೆಯುತ್ತಾರೆ. ಇಡೀ ಬರಹದಲ್ಲಿ ಈಕೆ ತಾನಾಗಿ ಮಾಡುವ ಕೆಲಸ ಎರಡೇ: ಬಡತನದಲ್ಲಿ ಹುಟ್ಟುವುದು, ಕಾಯಿಲೆಯಲ್ಲಿ ಸಾಯುವುದು. ಹುಟ್ಟು ಸಾವುಗಳ ನಡುವೆ ಮೂವತ್ತು ವರ್ಷ ದುಡಿದ ಗಾಯಕಿಯನ್ನು ಈ ವಾಕ್ಯರಚನೆಯೇ ನುಂಗಿಬಿಟ್ಟಿದೆ.

ಅದೇ ಬದುಕನ್ನು ಅಮೀರ್‌ಬಾಯಿಯನ್ನೇ ಕರ್ತೃವಾಗಿಟ್ಟು ಬರೆದು ನೋಡೋಣ.

ಅಮೀರ್‌ಬಾಯಿ ಮುಂಬಯಿಗೆ ಹೋದರು. ಗ್ರಾಮಫೋನ್ ಕಂಪನಿಗೆ ಕವಾಲಿ ಹಾಡಿ ಹೆಸರು ಮಾಡಿದರು. ಅದಕ್ಕೂ ಮೊದಲೇ ರಂಗಭೂಮಿ, ಸಿನಿಮಾದ ದಾರಿ ಹಿಡಿದಿದ್ದ ಅಕ್ಕ ಗೋಹರ್‌ಬಾಯಿಯ ನೆರವಿನಿಂದ ಚಿತ್ರರಂಗಕ್ಕೆ ಕಾಲಿಟ್ಟರು. 1940ರ ‘ನರಸಿ ಭಗತ್’ನಲ್ಲಿ ಹಾಡಿದರು. 1943ರ ‘ಕಿಸ್ಮತ್’ ಚಿತ್ರಕ್ಕೆ ನಾಯಕಿ ಮುಮ್ತಾಜ್ ಶಾಂತಿಯ ಕಂಠವಾದರು. ಕಲ್ಕತ್ತದ ರಾಕ್ಸಿ ಟಾಕೀಸಿನಲ್ಲಿ ಮೂರು ವರ್ಷಕ್ಕೂ ಮೀರಿ ಓಡಿದ ಚಿತ್ರ ಅದು. ಕ್ವಿಟ್ ಇಂಡಿಯಾ ಚಳವಳಿಯ ಮರುವರ್ಷ, ಪರದೇಶಿಗಳನ್ನು ದೂರ ಸರಿಯಿರಿ ಎಂದು ಗದರಿಸುವ ಹಾಡೊಂದು ಅದರಲ್ಲಿತ್ತು. ಜರ್ಮನ್ ಮತ್ತು ಜಪಾನೀಯರ ಹೆಸರಿನ ಮರೆಯಲ್ಲಿ ಬ್ರಿಟಿಷ್ ಸೆನ್ಸಾರಿನ ಕಣ್ಣು ತಪ್ಪಿಸಿದ ಕವಿ ಪ್ರದೀಪರ ಆ ಹಾಡಿನಲ್ಲಿ ಖಾನ್ ಮಸ್ತಾನಾರ ಜೊತೆ ಕೇಳಿಸುವುದು ಬೀಳಗಿಯ ಗಂಟಲು. ನಾನು ಓದಿದ ಯಾವ ಪಠ್ಯಪುಸ್ತಕದ ‘ಸ್ವಾತಂತ್ರ್ಯ ಹೋರಾಟದಲ್ಲಿ ಕರ್ನಾಟಕ’ ಪಾಠದಲ್ಲೂ ಈ ಸಾಲು ಇರಲಿಲ್ಲ.

1944ರಲ್ಲಿ ಖೇಮಚಂದ್ ಪ್ರಕಾಶರ ಸಂಗೀತದಲ್ಲಿ ‘ಭರ್ತೃಹರಿ’ಗೆ, ನೌಷಾದರ ಸಂಗೀತದಲ್ಲಿ ‘ರತನ್’ಗೆ ಹಾಡಿದರು. 1946ರಲ್ಲಿ ಗುಜರಾತಿಯ ‘ರಾಣಕದೇವಿ’ಗೆ ಹಾಡಿದರು. 1947ರಲ್ಲಿ ಸಿ. ರಾಮಚಂದ್ರರ ‘ಶಹನಾಯಿ’ಗೆ ಹಾಡಿದರು. 1948ರಲ್ಲಿ ‘ಶಹನಾಜ್’ ಚಿತ್ರಕ್ಕೆ ತಾವೇ ಸಂಗೀತ ನಿರ್ದೇಶನ ಮಾಡಿದರು. ಇದನ್ನು ಇನ್ನೊಮ್ಮೆ ಓದಿ: ಸಂಗೀತ ನಿರ್ದೇಶನ. ವಾದ್ಯವೃಂದದ ಎದುರು ಹೆಣ್ಣೊಬ್ಬಳು ನಿಂತು ಹೀಗೆ ನುಡಿಸಿ ಎಂದು ಹೇಳುವುದು ಇಂದಿಗೂ ಅಪರೂಪದ ದೃಶ್ಯ. ಅಮೀರ್‌ಬಾಯಿ ಎಪ್ಪತ್ತೈದು ವರ್ಷಕ್ಕೂ ಹಿಂದೆ ಅದನ್ನು ಮಾಡಿದ್ದರು. ನನಗೆ ಬಂದ ಸಂತಾಪದ ಬರಹಗಳಲ್ಲಿ ಗಂಡನ ಹೊಡೆತಕ್ಕೆ ಒಂದು ಪ್ಯಾರಾ ಇರುತ್ತದೆ, ‘ಶಹನಾಜ್’ಗೆ ಒಂದು ವಾಕ್ಯವೂ ಇರುವುದಿಲ್ಲ.

ಗಂಡನ ಮಾತನ್ನೂ ತಿರುಗಿಸಿ ಹೇಳಬಹುದು. ಆ ಮದುವೆಯ ಹಿಂಸೆ ನಿಜ. ಅದನ್ನು ಮುಚ್ಚಿಡಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಅಮೀರ್‌ಬಾಯಿ ಆ ಮದುವೆಯಿಂದ ಬಿಡಿಸಿಕೊಂಡು ಹೊರಬಂದರು. ಆತ ದೇಶ ಹೋಳಾದಾಗ ಪಾಕಿಸ್ತಾನಕ್ಕೆ ಹೋದ, ಇವರು ಇಲ್ಲೇ ಉಳಿದು ಹಾಡಿದರು, ನಟಿಸಿದರು, ಇನ್ನೊಂದು ಬಾಳು ಕಟ್ಟಿಕೊಂಡರು. ದುಡಿದ ದುಡ್ಡಿನಲ್ಲಿ ವಿಜಯಪುರದಲ್ಲಿ ಒಂದು ಟಾಕೀಸು ಮಾಡಿ ತಮ್ಮ ಹೆಸರನ್ನೇ ಇಟ್ಟರು: ಅಮೀರ್ ಟಾಕೀಸ್. ಮರುಕದ ಕಥೆಗೆ ಈ ಟಾಕೀಸು ಹೊಂದುವುದಿಲ್ಲ. ದುರಂತ ನಾಯಕಿಯರು ಆಸ್ತಿ ಮಾಡಬಾರದಲ್ಲ!

ಇಲ್ಲಿ ಸ್ವಲ್ಪ ದೂರ ಹೋಗಿ ಬರಬೇಕು. ಅಮೀರ್‌ಬಾಯಿ ಮುಂಬಯಿಗೆ ಕಾಲಿಟ್ಟ ಕಾಲಕ್ಕೆ ಅದೇ ಊರಿನ ತಾಜ್ ಹೋಟೆಲಿನಲ್ಲಿ ಜಾಝ್ ನುಡಿಯುತ್ತಿತ್ತು. 1935ರಲ್ಲಿ ಲಿಯಾನ್ ಅಬ್ಬಿಯ ತಂಡ ಅಲ್ಲಿಗೆ ಬಂತು. ಟೆಡ್ಡಿ ವೆದರ್‌ಫರ್ಡ್ ಎಂಬ ಕಪ್ಪು ಅಮೆರಿಕನ್ ಪಿಯಾನೋ ವಾದಕ ಮುಂಬಯಿ, ಕಲ್ಕತ್ತಗಳಲ್ಲಿ ನುಡಿಸುತ್ತ 1945ರಲ್ಲಿ ಕಲ್ಕತ್ತದಲ್ಲೇ ತೀರಿಕೊಂಡ. ಅವರಿಂದ ಕಲಿತ ಗೋವಾದ ವಾದ್ಯಗಾರರು ರಾತ್ರಿ ಹೋಟೆಲುಗಳಲ್ಲಿ ಟ್ರಂಪೆಟ್ ಊದಿ, ಹಗಲು ಸಿನಿಮಾ ಸ್ಟುಡಿಯೋಗಳಿಗೆ ದುಡಿಯಲು ಬರುತ್ತಿದ್ದರು. ಸಿ. ರಾಮಚಂದ್ರರು ಚಿಕ್ ಚಾಕೊಲೇಟ್‌ನಂಥ ಜಾಝ್ ವಾದಕರನ್ನು ಜೊತೆಗಿಟ್ಟುಕೊಂಡು ಹಿಂದಿ ಹಾಡಿಗೆ ಹೊಸ ನಡೆ ಕೊಟ್ಟರು. ‘ಶಹನಾಯಿ’ ಆ ಹೊಸ ನಡೆಯ ಚಿತ್ರ. ಕಂಪನಿ ನಾಟಕದ ಮನೆತನದ ಹೆಣ್ಣೊಬ್ಬಳ ಕಂಠ, ಅಮೆರಿಕದ ಕಪ್ಪು ಜನರ ಸಂಗೀತವನ್ನು ಅರಗಿಸಿಕೊಂಡ ಸ್ಟುಡಿಯೋ ಲೋಕದ ನಡುವೆ ನಿಂತಿತ್ತು. ಇದನ್ನು ಬರೆಯಲು ಎಷ್ಟೊಂದಿದೆ! ನಾವು ಬರೆದದ್ದು ಏನು? ‘ಪಾಪ’ ಎಂಬ ಎರಡಕ್ಷರ.

ಜಾಝ್‌ನ ಮಾತು ಎತ್ತಿದ್ದಕ್ಕೆ ಇನ್ನೂ ಒಂದು ಕಾರಣವಿದೆ. ಬಿಲ್ಲಿ ಹಾಲಿಡೇ ಅಮೀರ್‌ಬಾಯಿಯ ಸಮಕಾಲೀನಳು. 1915ರಲ್ಲಿ ಹುಟ್ಟಿ 1959ರಲ್ಲಿ ತೀರಿಕೊಂಡಳು. ಆಕೆಯನ್ನೂ ಜಗತ್ತು ಮರುಕದ ಸರಕು ಮಾಡಿಕೊಂಡಿತು: ಬಡತನ, ಕೆಟ್ಟ ಗಂಡಸರು, ಮಾದಕ ವಸ್ತು, ಜೈಲು. ಆದರೆ ಆಕೆಯ ಹಾಡುಗಳ ವಿಷಯ ಬೇರೆ. ಯಾವ ದಿನ, ಯಾವ ಊರಿನಲ್ಲಿ, ಯಾರ ತಂಡದ ಜೊತೆ ಯಾವ ಹಾಡು ಮುದ್ರಣವಾಯಿತು ಎಂಬುದೆಲ್ಲ ದಾಖಲಾಗಿದೆ. ಜಾಝ್ ಕೂಡ ಒಂದು ಕಾಲಕ್ಕೆ ಹೋಟೆಲು, ಪಡಖಾನೆಗಳ ಸಂಗೀತವೆಂದು ಮೂಗು ಮುರಿಸಿಕೊಂಡದ್ದೇ. ಅದಕ್ಕೆ ಮರ್ಯಾದೆ ಬಂದದ್ದರಲ್ಲಿ ತಟ್ಟೆಗಳ ಮೇಲಿನ ನಂಬರು ನೋಡಿ ನೋಡಿ ಪಟ್ಟಿ ಬರೆದ ಹುಚ್ಚು ಅಭಿಮಾನಿಗಳ ಪಾಲು ದೊಡ್ಡದು. ಶಾರ್ಲ್ ದಲೋನೆ ಎಂಬ ಫ್ರೆಂಚ್ ಯುವಕ 1936ರಲ್ಲೇ ಜಾಝ್ ಧ್ವನಿಮುದ್ರಿಕೆಗಳ ಪಟ್ಟಿಯನ್ನು ಪುಸ್ತಕವಾಗಿ ತಂದ. ಹಾಡಿದವರ ಜೊತೆಗೆ ಹಿಂದೆ ನುಡಿಸಿದವರ ಹೆಸರನ್ನೂ ಅದರಲ್ಲಿ ಕೊಟ್ಟ. ಒಂದು ಹಾಡಿನ ಹಿಂದೆ ಇಂತಿಂಥವರ ದುಡಿಮೆಯಿದೆ ಎಂದು ಒಪ್ಪಿಕೊಂಡಾಗಲೇ ಅದು ಕಲೆ ಎಂದು ಒಪ್ಪಿಕೊಂಡಂತೆ. ಹಿಂದಿ ಸಿನಿಮಾ ಹಾಡುಗಳಿಗೂ ಆ ಉಪಕಾರ ಮಾಡಿದವರು ಹರ್‌ಮಂದಿರ್ ಸಿಂಗ್ ‘ಹಮ್‌ರಾಜ್’ ಎಂಬ ಕಾನ್ಪುರದ ಒಬ್ಬ ಅಭಿಮಾನಿ; ಅವರ ‘ಗೀತಕೋಶ’ದ ಸಂಪುಟಗಳಿಲ್ಲದೆ ಆ ಕಾಲದ ಹಾಡುಗಳ ಬಗ್ಗೆ ಯಾರೂ ಬಾಯಿ ತೆರೆಯುವಂತಿಲ್ಲ.

ಕನ್ನಡದಲ್ಲಿ ಆದದ್ದೇನೂ ಇಲ್ಲ ಎಂದರೆ ಸುಳ್ಳಾಗುತ್ತದೆ. ರಹಮತ್ ತರೀಕೆರೆಯವರು ಅಮೀರ್‌ಬಾಯಿ ಕುರಿತು ಒಂದು ಪುಸ್ತಕವನ್ನೇ ಬರೆದಿದ್ದಾರೆ. ಹುಡುಕಿಕೊಂಡು ಹೋಗಿ ಬರೆದ ಪುಸ್ತಕ ಅದು. ಅದು ಬಂದ ಮೇಲೂ ‘ಮರೆತುಹೋದ ಗಾಯಕಿ’ ಎಂಬ ತಲೆಬರಹ ಬದಲಾಗಲಿಲ್ಲ ಎಂಬುದೇ ನನ್ನ ತಕರಾರು. ಒಬ್ಬರು ಇಡೀ ಪುಸ್ತಕ ಬರೆದರೂ ‘ಯಾರೂ ಬರೆದಿಲ್ಲ’ ಎಂದು ಕಣ್ಣೊರೆಸಿಕೊಳ್ಳುತ್ತೇವೆ ಎಂದರೆ ಅದು ಮರೆವಲ್ಲ, ಚಟ. ಆ ಪುಸ್ತಕದಿಂದ ಮುಂದಕ್ಕೆ ಹೆಜ್ಜೆ ಇಡಬೇಕಾದವರು ನಾವು, ನಮ್ಮ ತಲೆಮಾರಿನ ಸಂಶೋಧಕರು. ನಾವು ಅದರಿಂದ ಎತ್ತಿಕೊಂಡದ್ದು ಕಣ್ಣೀರಿನ ಪುಟಗಳನ್ನು ಮಾತ್ರ.

ಲತಾ ಬಂದು ತಳ್ಳಿದರು ಎಂಬ ಕಥೆಯನ್ನೂ ಸ್ವಲ್ಪ ಕೆದಕೋಣ. 1949ರಲ್ಲಿ ‘ಮಹಲ್’ ಮೂಲಕ ಲತಾ ಮನೆಮಾತಾದರು. ಅದರ ಸಂಗೀತ ನಿರ್ದೇಶಕರು ಖೇಮಚಂದ್ ಪ್ರಕಾಶ್. ಐದು ವರ್ಷ ಮೊದಲು ಅಮೀರ್‌ಬಾಯಿಯಿಂದ ‘ಭರ್ತೃಹರಿ’ಗೆ ಹಾಡಿಸಿದವರೂ ಅವರೇ. ಅದೇ ಸಂಯೋಜಕ, ಅದೇ ಊರು. ಈ ಐದು ವರ್ಷದಲ್ಲಿ ಬದಲಾದದ್ದು ಹಾಡುವವರ ಯೋಗ್ಯತೆ ಅಲ್ಲ, ಹೆಣ್ಣಿನ ದನಿ ಹೇಗಿರಬೇಕು ಎಂಬ ದೇಶದ ತೀರ್ಮಾನ. ಅಮೀರ್‌ಬಾಯಿ, ಜೋಹರಾಬಾಯಿ ಅಂಬಾಲೆವಾಲಿ ಇವರದು ತೆರೆದ ಗಂಟಲು. ತುಸು ಮೂಗಿನ ಕಂಪನ, ಎದೆಯ ಭಾರ, ಮೈಕು ಇಲ್ಲದಿದ್ದರೂ ಕೊನೆಯ ಬೆಂಚಿಗೆ ಮುಟ್ಟುವ ಕಸುವು. ಹೊಸ ದೇಶಕ್ಕೆ ಬೇಕಾದದ್ದು ತೆಳುವಾದ, ಮೈಯ ನೆನಪೇ ತಾರದ ದನಿ. ಅದೇ ಹೊತ್ತಿಗೆ, ಸರ್ದಾರ್ ಪಟೇಲರು ಪ್ರಸಾರ ಖಾತೆ ನೋಡಿಕೊಳ್ಳುತ್ತಿದ್ದಾಗ, ಖಾಸಗಿ ಬದುಕಿನ ಬಗ್ಗೆ ಲೋಕಾಪವಾದ ಇದ್ದವರನ್ನು ಹೊರಗಿಡುವ ನೀತಿ ಆಕಾಶವಾಣಿಯಲ್ಲಿ ಬಂತು. ಲೋಕಾಪವಾದ ಎಂದರೆ ಯಾರ ಮೇಲೆ ಎಂದು ಬಿಡಿಸಿ ಹೇಳಬೇಕಿಲ್ಲ. ಹೆಸರಿನ ಮುಂದೆ ‘ಬಾಯಿ’ ಎಂದಿದ್ದವರ ಮೇಲೆ. ನೂರಾರು ವರ್ಷ ಹಾಡನ್ನು ಕಾಪಾಡಿಕೊಂಡು ಬಂದ ಹೆಂಗಸರನ್ನು ಹೊರಗಿಟ್ಟು, ಅವರ ಹಾಡನ್ನು ಮಾತ್ರ ಒಳಗೆ ಕರೆದುಕೊಂಡರು. ಇಷ್ಟು ದೊಡ್ಡ ಸ್ಥಿತ್ಯಂತರವನ್ನು ‘ಲತಾ ಬಂದರು, ಅಮೀರ್‌ಬಾಯಿ ಹೋದರು’ ಎಂದು ಇಬ್ಬರು ಹೆಂಗಸರ ಜಗಳದಂತೆ ಹೇಳುವುದು ಚರಿತ್ರೆಯಲ್ಲ, ಓಣಿಯ ಕಟ್ಟೆಯ ಮಾತು. ಲತಾಗಾದರೂ ಏನು ಸಿಕ್ಕಿತ್ತು? ‘ಮಹಲ್’ನ ಆ ಪ್ರಸಿದ್ಧ ಹಾಡಿನ ತಟ್ಟೆಯ ಮೇಲೆ ಮೊದಲು ಅಚ್ಚಾದ ಹೆಸರು ‘ಕಾಮಿನಿ’, ಅಂದರೆ ಸಿನಿಮಾದ ಪಾತ್ರದ ಹೆಸರು.

ಅಕ್ಕ ಗೋಹರ್‌ಬಾಯಿಯ ಕಥೆ ಇನ್ನೂ ಕೆಟ್ಟದ್ದು. ಆಕೆಗೆ ಮರುಕವೂ ಸಿಗಲಿಲ್ಲ. ಬಾಲಗಂಧರ್ವರನ್ನು ಕೆಡಿಸಿದವಳು, ಅವರ ಕಂಪನಿ ಮುಳುಗಿಸಿದವಳು ಎಂದು ಮರಾಠಿ ರಂಗಪ್ರಿಯರು ದಶಕಗಟ್ಟಲೆ ಬೈದರು. ಕನ್ನಡಿಗರಾದ ನಾವು ಅದನ್ನು ಹಾಗೆಯೇ ಉರು ಹೊಡೆದು ಒಪ್ಪಿಸುತ್ತೇವೆ. ಇಸವಿಗಳನ್ನು ಜೋಡಿಸಿ ನೋಡಿದರೆ ಸಾಕು. ಗೋಹರ್ ಗಂಧರ್ವ ನಾಟಕ ಮಂಡಳಿಗೆ ಬಂದದ್ದು 1938ರಲ್ಲಿ. ಆ ಕಂಪನಿ ಸಾಲದಲ್ಲಿ ಮುಳುಗಿದ್ದು 1920ರ ದಶಕದಲ್ಲೇ. ಅತ್ತರು, ರೇಷ್ಮೆ, ಒಡವೆ ಎಲ್ಲವೂ ಅಸಲಿಯೇ ಆಗಬೇಕೆಂಬ ಬಾಲಗಂಧರ್ವರ ದರಬಾರಿ ಖರ್ಚು ಅದಕ್ಕೆ ಕಾರಣ. 1935ರ ಹೊತ್ತಿಗೆ ಅವರು ಪ್ರಭಾತ್ ಕಂಪನಿಯ ‘ಧರ್ಮಾತ್ಮ’ ಸಿನಿಮಾಕ್ಕೆ ಬಣ್ಣ ಹಚ್ಚಿಯೂ ಆಗಿತ್ತು. ಗೋಹರ್ ಬಂದಾಗ ಅವರಿಗೆ ಐವತ್ತು ವರ್ಷ. ಮೂರು ದಶಕ ಹೆಣ್ಣಿನ ವೇಷ ಹಾಕಿದ ಗಂಡು ಹೆಣ್ಣುಮಕ್ಕಳಿಗೇ ಸೀರೆ ಉಡುವುದನ್ನು ಕಲಿಸಿದ ಎಂದು ಹೊಗಳಿದ ಜನ, ಆ ಜಾಗಕ್ಕೆ ನಿಜವಾದ ಹೆಣ್ಣೊಬ್ಬಳು ಬಂದು ನಿಂತಾಗ ‘ಹಾಳು ಮಾಡಿದಳು’ ಎಂದರು.

ಈಗ ನಮ್ಮ ಮನೆಯ ಲೆಕ್ಕಕ್ಕೆ ಬರೋಣ. ಉತ್ತರ ಕರ್ನಾಟಕದ ಸಂಗೀತ ಎಂದ ಕೂಡಲೇ ನಾವು ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿ, ಬಸವರಾಜ ರಾಜಗುರು, ಕುಮಾರ ಗಂಧರ್ವ, ಗಂಗೂಬಾಯಿ ಹಾನಗಲ್ ಎಂದು ಬೆರಳು ಮಡಚುತ್ತೇವೆ. ಆರನೆಯ ಬೆರಳಿಗೆ ಅಮೀರ್‌ಬಾಯಿ ಬರುವುದಿಲ್ಲ, ಸಿನಿಮಾ ಹಾಡಿದವರು ಎಂಬ ಕಾರಣಕ್ಕೆ. ಕನ್ನಡ ಸಿನಿಮಾ ಎಂದಾಗ ಬರುವುದಿಲ್ಲ, ಹಿಂದಿಯಲ್ಲಿ ಹಾಡಿದವರು ಎಂಬ ಕಾರಣಕ್ಕೆ. ಕಂಪನಿ ನಾಟಕ ಎಂದಾಗ ಬರುವುದಿಲ್ಲ, ಮುಂಬಯಿಗೆ ಹೋದವರು ಎಂಬ ಕಾರಣಕ್ಕೆ. ಮುಸ್ಲಿಂ ಆದದ್ದಕ್ಕೇ ಹೀಗಾಯಿತು ಎನ್ನುವವರಿದ್ದಾರೆ. ಅದರಲ್ಲಿ ಹುರುಳಿದೆ, ಆದರೆ ಅದೊಂದೇ ಸಾಲದು. ಉಸ್ತಾದ್ ಅಬ್ದುಲ್ ಕರೀಂ ಖಾನರನ್ನು ಧಾರವಾಡ ಸೀಮೆ ತಲೆಯ ಮೇಲೆ ಹೊತ್ತುಕೊಂಡಿತು, ಇಂದಿಗೂ ಅವರ ಹೆಸರು ಹೇಳುವಾಗ ಕಿವಿ ಮುಟ್ಟಿಕೊಳ್ಳುವವರಿದ್ದಾರೆ. ಮುಸ್ಲಿಂ ಉಸ್ತಾದರಿಗೆ ನಮ್ಮಲ್ಲಿ ಜಾಗವಿದೆ. ಮುಸ್ಲಿಂ, ಹೆಣ್ಣು, ಬಣ್ಣ ಹಚ್ಚಿದವಳು ಎಂಬ ಮೂರೂ ಸೇರಿದಾಗ ಜಾಗ ಕರಗುತ್ತದೆ. ಗಂಡಸರು ಪಂಡಿತರೋ ಉಸ್ತಾದರೋ ಆಗುತ್ತಾರೆ, ಹೆಂಗಸರು ಎಷ್ಟು ಹಾಡಿದರೂ ಬಾಯಿಯಾಗಿಯೇ ಉಳಿಯುತ್ತಾರೆ ಎಂದು ಗಂಗೂಬಾಯಿಯವರೇ ಆಡಿಕೊಳ್ಳುತ್ತಿದ್ದರಂತೆ. ಪದ್ಮವಿಭೂಷಣದವರೆಗೆ ಹೋದವರ ಮಾತು ಇದು. ಅಲ್ಲಿಗೆ ಹೋಗದವರ ಪಾಡು ಊಹಿಸಿಕೊಳ್ಳಿ.

ಹಿಂದೊಮ್ಮೆ ಒಂದು ವಿಚಾರ ಸಂಕಿರಣದಲ್ಲಿ ನಾನು ಪ್ರಬಂಧ ಓದಿದಾಗ ಹಿರಿಯರೊಬ್ಬರು ಎದ್ದು, ‘ಎಲ್ಲಾ ಸರಿ, ಇದರಲ್ಲಿ ಕನ್ನಡ ಎಲ್ಲಿದೆ?’ ಎಂದು ಕೇಳಿದರು. ಆಗ ನನಗೆ ಉತ್ತರ ಹೊಳೆಯಲಿಲ್ಲ. ಈಗ ಹೇಳುತ್ತೇನೆ. ಕನ್ನಡ ಆಕೆಯ ಹೆಸರಿನಲ್ಲಿದೆ. ಅಮೀರ್‌ಬಾಯಿ ಹಾಡಲು ಶುರುಮಾಡಿದಾಗ ಕರ್ನಾಟಕ ಎಂಬ ರಾಜ್ಯ ಇರಲಿಲ್ಲ. ಅವರ ಬೀಳಗಿ ಮುಂಬಯಿ ಪ್ರಾಂತದಲ್ಲಿತ್ತು, ನಮ್ಮ ಇಟಗಿ ಹೈದರಾಬಾದ್ ನಿಜಾಮನ ಸೀಮೆಯಲ್ಲಿತ್ತು, ಬೆಂಗಳೂರು ಮೈಸೂರು ಅರಸರ ಕೈಯಲ್ಲಿತ್ತು. 1956ರಲ್ಲಿ ಇವೆಲ್ಲ ಒಂದಾದವು. ಆದರೂ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅಮೀರ್‌ಬಾಯಿ ತೀರಿಕೊಂಡು ಎಂಟು ವರ್ಷವಾಗಿತ್ತು. ಸರ್ಕಾರ ಇಡಲು ಹಿಂದೆ ಮುಂದೆ ನೋಡಿದ ಹೆಸರನ್ನು ಬೀಳಗಿಯ ಅಕ್ಕ ತಂಗಿಯರಿಬ್ಬರು ಮೂವತ್ತು ನಲವತ್ತರ ದಶಕದಲ್ಲೇ ತಮ್ಮ ಹೆಸರಿಗೆ ಹಚ್ಚಿಕೊಂಡು ಮುಂಬಯಿಯ ಬೀದಿಯಲ್ಲಿ ನಡೆದರು. ಲಾಹೋರಿನಲ್ಲೋ ಕಲ್ಕತ್ತದಲ್ಲೋ ಯಾರದೋ ಮನೆಯ ಗ್ರಾಮಫೋನಿನ ಮೇಲೆ ತಿರುಗುತ್ತಿದ್ದ ಅರಗಿನ ತಟ್ಟೆಯ ನಡುವೆ ‘ಕರ್ನಾಟಕಿ’ ಎಂಬ ಪದ ತಿರುಗುತ್ತಿತ್ತು. ಏಕೀಕರಣದ ಚರಿತ್ರೆಯಲ್ಲಿ ಇದಕ್ಕೆ ಒಂದು ಅಡಿಟಿಪ್ಪಣಿಯಷ್ಟಾದರೂ ಜಾಗ ಬೇಡವೆ?

ನನ್ನ ಮಾತಿಗೆ ಒಂದು ಆಕ್ಷೇಪ ಬಂದೇ ಬರುತ್ತದೆ. ಜನ ಪ್ರೀತಿಯಿಂದ ನೆನೆಯುತ್ತಾರೆ, ಕಣ್ಣೀರು ಹಾಕುತ್ತಾರೆ, ಅದನ್ನೂ ಬೇಡ ಎನ್ನಬೇಕೆ? ಪಾಂಡಿತ್ಯದ ಪಟ್ಟಿಗಿಂತ ಒಂದು ಹನಿ ಕಣ್ಣೀರು ದೊಡ್ಡದಲ್ಲವೆ? ಇದಕ್ಕೆ ನನ್ನಲ್ಲಿರುವ ಉತ್ತರ ಪುಸ್ತಕದ್ದಲ್ಲ.

ನಮ್ಮ ಇಟಗಿಗೆ ಕುಕನೂರು ಹತ್ತಿರದ ಪೇಟೆ. ಕುಕನೂರು ಎಂದರೆ ಕಂಪನಿ ನಾಟಕದವರ ಊರು. ಹೆಣ್ಣುಮಗಳೊಬ್ಬಳು ನಾಟಕ ಕಂಪನಿಯ ಮಾಲಕಳಾಗಬಹುದು ಎಂದು ತೋರಿಸಿದ ರೆಹಮಾನವ್ವ ಆ ಊರಿನವರು. ಜಾತ್ರೆಯಿಂದ ಜಾತ್ರೆಗೆ, ಊರಿಂದ ಊರಿಗೆ ತಗಡು, ಪರದೆ, ಪೆಟ್ಟಿಗೆ ಹೊತ್ತು ತಿರುಗಿದ ಎಷ್ಟೋ ಹೆಣ್ಣುಮಕ್ಕಳು ಈ ಭಾಗದ ಹಳ್ಳಿಗಳಲ್ಲಿ ಮುದುಕಿಯರಾಗಿ ಕುಂತಿದ್ದಾರೆ. ಅಂಥ ಒಬ್ಬರನ್ನು ನಾನು ಎರಡು ವರ್ಷದಿಂದ ಬಲ್ಲೆ. ಊರು ಹೇಳುವುದಿಲ್ಲ. ಮೊದಲ ಆರು ತಿಂಗಳು ಅವರು ನನ್ನ ಹತ್ತಿರ ಮಳೆ, ಬೆಳೆ, ಮೊಣಕಾಲು ನೋವು ಬಿಟ್ಟು ಬೇರೆ ಮಾತಾಡಲಿಲ್ಲ. ಒಂದು ಮಧ್ಯಾಹ್ನ ಸೊಸೆ ಹೊಲಕ್ಕೆ ಹೋದಾಗ ಬಾಗಿಲು ಮುಂದೆ ಮಾಡಿ, ಯಾವ ಸುಳಿವೂ ಕೊಡದೆ ಒಂದು ರಂಗಗೀತೆ ಎತ್ತಿಕೊಂಡರು. ಎಂಬತ್ತು ದಾಟಿದ ಗಂಟಲು. ಮೇಲಿನ ಷಡ್ಜಕ್ಕೆ ಹೋಗುವಾಗ ದನಿ ಒಡೆಯಿತು, ಆದರೆ ಸ್ವರ ತಪ್ಪಲಿಲ್ಲ. ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಆ ಹೊತ್ತು ನನಗೆ ಅಮೀರ್‌ಬಾಯಿಯ ಗಂಟಲು ಎಲ್ಲಿಂದ ಬಂತು ಎಂದು ತಿಳಿಯಿತು. ಇಂಥ ದನಿ ಹುಟ್ಟುವುದು ಗ್ಯಾಸ್‌ಬತ್ತಿಯ ಬೆಳಕಿನಲ್ಲಿ ಸಾವಿರ ಜನರಿಗೆ ಕೇಳುವಂತೆ ರಾತ್ರಿಯೆಲ್ಲ ಹಾಡುವ ದುಡಿಮೆಯಿಂದ.

ಮುಗಿದ ಮೇಲೆ ನಾನು ಹಾಡನ್ನು ಬರೆದುಕೊಳ್ಳಲೇ ಎಂದು ಕೇಳಿದೆ.

‘ಹಾಡ ಬರಕೋ ಯವ್ವಾ, ಹೆಸರ ಬ್ಯಾಡ’ ಎಂದರು.

‘ಯಾಕ ಆಯಿ? ಹಿಂತಾ ಹಾಡು, ನಿಮ್ಮ ಹೆಸರ ಇರಬೇಕಲ್ಲ?’

‘ಹೆಸರ ಹಾಕಿದ್ರ ನೀವು ಹಾಡ ಬಿಟ್ಟು ನನ್ನ ಬಾಳೇವು ಬರೀತೀರಿ.’

ನಾನು ಮಾತಾಡಲಿಲ್ಲ. ಆಡಲು ಏನಿತ್ತು? ಅವರು ಯಾವ ಸಂತಾಪದ ಬರಹವನ್ನೂ ಓದಿದವರಲ್ಲ, ಅವರಿ‍ಗೆ ಓದಲು ಬಾರದು. ಆದರೂ ನಾವು ಹೇಗೆ ಬರೆಯುತ್ತೇವೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಯಾರ ಜೊತೆ ಇದ್ದರು, ಯಾರು ಬಿಟ್ಟರು, ಮಕ್ಕಳ ತಂದೆ ಯಾರು ಎಂದು ನಾವು ಮೊದಲು ಕೇಳುತ್ತೇವೆ. ಯಾವ ರಾಗ, ಯಾವ ಮಾಸ್ತರು, ರಾತ್ರಿಗೆ ಎಷ್ಟು ಪಗಾರ ಎಂದು ಕೇಳುವುದಿಲ್ಲ. ಮೊಮ್ಮಗಳ ಮದುವೆಯ ಮಾತು ನಡೆಯುತ್ತಿರುವ ಮನೆಯಲ್ಲಿ ನಮ್ಮ ಮರುಕ ಎಂದರೆ ಬೆಂಕಿ ಕಡ್ಡಿ. ಅಮೀರ್‌ಬಾಯಿಯ ಮೇಲೆ ನಾವು ಸುರಿಸುವ ಕಣ್ಣೀರಿಗೆ ಬೆಲೆ ತೆರುತ್ತಿರುವವರು ಇವರು. ತೀರಿಹೋದ ಗಾಯಕಿಯ ಕಥೆಯನ್ನು ನಾವು ಹೇಳುವ ರೀತಿಯಿಂದಲೇ ಬದುಕಿರುವ ಗಾಯಕಿಯರು ಬಾಯಿ ಮುಚ್ಚಿಕೊಂಡಿದ್ದಾರೆ. ಅವರು ಒಬ್ಬೊಬ್ಬರೇ ಹೋಗುವಾಗ ಅವರ ಜೊತೆ ನೂರಾರು ಹಾಡುಗಳು ಹೋಗುತ್ತಿವೆ. ಆಕ್ಷೇಪಕ್ಕೆ ನನ್ನ ಉತ್ತರ ಇಷ್ಟೇ.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಸ್ಮಾರಕ, ಹೆಸರಿನ ಪ್ರಶಸ್ತಿ, ಪ್ರತಿಮೆ ಯಾವುದನ್ನೂ ನಾನು ಕೇಳುತ್ತಿಲ್ಲ. ಮೊದಲು ಒಂದು ಪಟ್ಟಿ ಬೇಕು: ಅಮೀರ್‌ಬಾಯಿ ಹಾಡಿದ, ನಟಿಸಿದ, ಸಂಗೀತ ಕೊಟ್ಟ ಎಲ್ಲದರ ಪಟ್ಟಿ, ಕನ್ನಡದಲ್ಲಿ, ಯಾರು ಬೇಕಾದರೂ ನೋಡಿ ತಿದ್ದುವಂತೆ. ಇದು ಒಬ್ಬರ ಕೆಲಸವಲ್ಲ. ಹಳೆಯ ತಟ್ಟೆ ಜೋಪಾನ ಮಾಡಿದ ಹವ್ಯಾಸಿಗಳು, ಗುಜರಾತಿ ಮರಾಠಿ ಬಲ್ಲವರು, ಸಂಗೀತ ಓದುವ ವಿದ್ಯಾರ್ಥಿಗಳು ಒಟ್ಟಿಗೆ ಕೂರಬೇಕು. ಎರಡನೆಯದು ಕೇಳುವುದು. ಈ ಬರಹ ಓದುತ್ತಿರುವವರಲ್ಲಿ ಹೆಚ್ಚಿನವರು ಅಮೀರ್‌ಬಾಯಿಯ ಬಗ್ಗೆ ಓದಿರುತ್ತೀರಿ, ಕೇಳಿರುವುದಿಲ್ಲ. ‘ಕಿಸ್ಮತ್’ನ ಹಾಡುಗಳು ಫೋನಿನಲ್ಲೇ ಸಿಗುತ್ತವೆ. ಒಂದು ತಟ್ಟೆಯ ಒಂದು ಮಗ್ಗುಲು ಮೂರೂವರೆ ನಿಮಿಷವೂ ಇರುವುದಿಲ್ಲ. ಉಸಿರು ಎಲ್ಲಿ ತೆಗೆದುಕೊಂಡರು, ಪದವನ್ನು ಎಲ್ಲಿ ಮುರಿದರು, ಹಿಂದೆ ಯಾವ ವಾದ್ಯ ನುಡಿಯುತ್ತಿದೆ ಎಂದು ಕಿವಿಗೊಟ್ಟು ಕೇಳಿ, ಆಮೇಲೆ ಬರೆಯಿರಿ. ಮೂರನೆಯದು ನಮ್ಮಂಥ ಸಂಶೋಧಕರಿಗೆ. ಸಂದರ್ಶನಕ್ಕೆ ಹೋದಾಗ ಮೊದಲ ಪ್ರಶ್ನೆ ಹಾಡಿನ ಬಗ್ಗೆ, ಎರಡನೆಯದು ಕೆಲಸದ ಬಗ್ಗೆ, ಮೂರನೆಯದು ಕೂಲಿಯ ಬಗ್ಗೆ ಇರಲಿ. ಬಾಳೇವಿನ ಪ್ರಶ್ನೆಯನ್ನು ಅವರಾಗಿ ಎತ್ತದೆ ನಾವು ಎತ್ತಬಾರದು.

ಇಟಗಿಗೆ ಬಂದವರೆಲ್ಲ ಮಹಾದೇವ ದೇವಾಲಯ ನೋಡುತ್ತಾರೆ. 1112ರಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಅದನ್ನು ಕಟ್ಟಿಸಿದ. ‘ದೇವಾಲಯ ಚಕ್ರವರ್ತಿ’ ಎಂದು ಅಲ್ಲಿನ ಶಾಸನ ಹೊಗಳುತ್ತದೆ. ಚಿಕ್ಕಂದಿನಿಂದ ನಾನು ಆ ಅಂಗಳದಲ್ಲಿ ಆಡಿ ಬೆಳೆದವಳು. ಕಂಬಗಳ ಮೇಲೆ, ಗೋಡೆಯ ಮೇಲೆ ಮದ್ದಳೆ ಬಾರಿಸುವವರು, ಕುಣಿಯುವ ಹೆಣ್ಣುಗಳು ಎಷ್ಟೊಂದು! ಕಟ್ಟಿಸಿದವನ ಹೆಸರು ಒಂಬೈನೂರು ವರ್ಷದ ಮೇಲೂ ಓದಲು ಬರುತ್ತದೆ. ಕುಣಿದವರ ಹೆಸರು ಕಂಬದ ಮೇಲಿಲ್ಲ. ಆ ಕಾಲಕ್ಕೆ ಹಾಗೆ ನಡೆಯಿತು, ಕಲ್ಲಿಗೆ ಮಾತಾಡಿ ಪ್ರಯೋಜನವಿಲ್ಲ.

ಆಯಿ ಹಾಡಿದ ಹಾಡುಗಳು ಈಗ ನನ್ನ ನೋಟ್‌ಬುಕ್ಕಿನಲ್ಲಿ ಹದಿನೇಳು ಆಗಿವೆ. ಪ್ರತಿ ಹಾಡಿನ ಎದುರು ರಾಗ, ತಾಳ, ಕಲಿಸಿದ ಮಾಸ್ತರು, ಯಾವ ನಾಟಕದ ಯಾವ ದೃಶ್ಯ ಎಂದು ಅವರು ಹೇಳಿದಷ್ಟನ್ನು ಬರೆದಿದ್ದೇನೆ. ಹಾಡಿದವರು ಎಂಬ ಜಾಗ ಖಾಲಿ ಬಿಟ್ಟಿದ್ದೇನೆ. ಹೋದ ತಿಂಗಳು ಆ ಪುಟ ತೋರಿಸಿ, ಇಲ್ಲಿ ಏನು ಬರೆಯಲಿ ಎಂದು ಮತ್ತೆ ಕೇಳಿದೆ. ಪುಟವನ್ನು ಕಣ್ಣಿನ ಹತ್ತಿರ ತಂದು, ಓದಲು ಬಾರದ ಅಕ್ಷರಗಳ ಮೇಲೆ ಬೆರಳಾಡಿಸಿದರು. ‘ಬರೇ ಹಾಡಿಂದ ಬರದೀಯೇನು ಎಲ್ಲಾ?’ ಎಂದು ಕೇಳಿದರು. ಹೌದು ಎಂದೆ. ‘ಇರ್ಲಿ ತಡಿ, ನೋಡೂಣು’ ಎಂದರು.